ಬೆಳಗೊಳದ ಬಸ್ಸೋ, ಬೇಲೂರಿನ ಬಸ್ಸೋ: ನೆಮ್ಮದಿಗೆ ನಿಯಮವೋ, ಸುಖವೋ?

ಹಾಸನದ ಬಸ್ ನಿಲ್ದಾಣದಲ್ಲಿ ಬೆಳಗ್ಗೆ ನಿಂತರೆ ಎರಡು ದಿಕ್ಕಿನ ಬಸ್ಸುಗಳು ಕಣ್ಣಿಗೆ ಬೀಳುತ್ತವೆ. ಒಂದು ಚನ್ನರಾಯಪಟ್ಟಣದ ಕಡೆಯದು, ಅಲ್ಲಿಂದ ಶ್ರವಣಬೆಳಗೊಳ ದೂರವಿಲ್ಲ. ಇನ್ನೊಂದು ಬೇಲೂರಿನದು. ಒಂದು ಬಸ್ಸು ಹತ್ತಿದರೆ ಸಿಗುವವನು ರಾಜ್ಯ, ಅರಮನೆ, ಕೊನೆಗೆ ಮೈಮೇಲಿನ ಬಟ್ಟೆಯನ್ನೂ ಬಿಟ್ಟು 58 ಅಡಿ ಎತ್ತರಕ್ಕೆ ನಿಂತ ಬಾಹುಬಲಿ. ಇನ್ನೊಂದು ಬಸ್ಸು ಹತ್ತಿದರೆ ಸಿಗುವವಳು ಕೈಯಲ್ಲಿ ಕನ್ನಡಿ ಹಿಡಿದು ತನ್ನ ಚೆಲುವನ್ನು ತಾನೇ ನೋಡಿಕೊಳ್ಳುತ್ತ ನಿಂತ ಮದನಿಕೆ. ಅವನನ್ನು ಚಾವುಂಡರಾಯ ನಿಲ್ಲಿಸಿದ್ದು 981ರಲ್ಲಿ. ಅವಳಿರುವ ಗುಡಿಯನ್ನು ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ಇಬ್ಬರನ್ನೂ ಕಡೆಸಿದವರು ದೇವರ ಕೆಲಸ ಎಂದೇ ಕಡೆಸಿದರು.

ಹೋದ ವರ್ಷ ಹಾಸನಾಂಬೆಯ ಗುಡಿಯ ಬಾಗಿಲು ತೆರೆದಿದ್ದಾಗ ಅಕ್ಕನ ಮಗಳು ಚಿಕ್ಕಮಗಳೂರಿನಿಂದ ಬಂದಿದ್ದಳು. ಆ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜದ ಕೆಲವೇ ದಿನಗಳು. ಆದ್ದರಿಂದ ಸಾಲು ಎಂದರೆ ಗಂಟೆಗಟ್ಟಲೆ. ಸಾಲಿನಲ್ಲಿ ನಿಂತಾಗಲೇ ಅವಳು ಕೇಳಿದಳು: "ಚಿಕ್ಕಮ್ಮಾ, ನನಗೆ ಹತ್ತು ದಿನ ರಜೆ ಉಳಿದಿದೆ. ಮೌನದ ಶಿಬಿರಕ್ಕೆ ಹೋಗಲೋ? ಇಲ್ಲ, ಅದನ್ನು ಬಿಟ್ಟು ಒಂದಷ್ಟು ದಿನ ಸುಮ್ಮನೆ ತಿಂದುಕೊಂಡು, ಹಾಡು ಕೇಳಿಕೊಂಡು, ಕಾಡು ನೋಡಿಕೊಂಡು ಇರಲೋ? ಒಳಗೆ ಏನೋ ಬರಿದಾಗಿದೆ. ಯಾವುದರಿಂದ ತುಂಬುತ್ತದೋ ತಿಳಿಯುತ್ತಿಲ್ಲ."

ಸಾಲಿನಲ್ಲಿ ನಿಂತು ಹೇಳುವ ಉತ್ತರ ನನ್ನಲ್ಲಿರಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಅದನ್ನೇ ಯೋಚಿಸಿದೆ. ಅವಳಂತೆ ಕೇಳುವವರು ಬಹಳ ಜನ ಇದ್ದಾರೆ ಎಂದು ಗೊತ್ತಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು ಎಣಿಕೆಯನ್ನು ಬದಿಗಿಡೋಣ

ನಿಯಮ ಎಂದರೆ ದೇವರ ಕಡೆಯ ದಾರಿ, ಸುಖ ಎಂದರೆ ಸಂಸಾರದ ಕಡೆಯ ದಾರಿ ಎಂದು ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ನಂಬುತ್ತಾರೆ. ಕಠೋಪನಿಷತ್ತಿನ ಶ್ರೇಯಸ್ಸು (ಒಳಿತಾದದ್ದು) ಮತ್ತು ಪ್ರೇಯಸ್ಸು (ಹಿತವೆನಿಸುವುದು) ಎಂಬ ಮಾತನ್ನು ಇದಕ್ಕೆ ಸಾಕ್ಷಿಯಾಗಿ ತರುತ್ತಾರೆ. ಸಾವಿನ ಆಚೆ ಏನಿದೆ ಎಂದು ಕೇಳಿದ ಹುಡುಗ ನಚಿಕೇತನಿಗೆ ಯಮ ಆನೆ, ಕುದುರೆ, ಹೊನ್ನು, ವಾದ್ಯ ಹಿಡಿದ ಹೆಂಗಸರು, ದೀರ್ಘ ಆಯಸ್ಸು ಎಲ್ಲವನ್ನೂ ಕೊಡುತ್ತೇನೆಂದ. ನಚಿಕೇತ ಬೇಡವೆಂದ. ಅದು ನಿಜ. ಆದರೆ ಅದೇ ಕಥೆಯ ಆರಂಭವನ್ನು ಯಾರೂ ನೆನಪಿಸುವುದಿಲ್ಲ. ಹುಡುಗ ಯಮನ ಮನೆಯಲ್ಲಿ ಮೂರು ರಾತ್ರಿ ಅನ್ನವಿಲ್ಲದೆ ಕಳೆದಿದ್ದ. ಯಮ ಅದನ್ನು ದೊಡ್ಡ ತಪಸ್ಸು ಎಂದು ಹೊಗಳಲಿಲ್ಲ, ಅತಿಥಿ ಹಸಿದಿದ್ದನಲ್ಲ ಎಂದು ನೊಂದುಕೊಂಡ. ಮೂರು ವರ ಕೊಟ್ಟದ್ದು ಆ ತಪ್ಪಿಗಾಗಿ.

ತೈತ್ತಿರೀಯ ಉಪನಿಷತ್ತಿನ ಭೃಗುವಿನ ಕಥೆ ನನಗೆ ಇನ್ನೂ ಹತ್ತಿರದ್ದು. ಬ್ರಹ್ಮ ಎಂದರೆ ಏನೆಂದು ಭೃಗು ತಂದೆ ವರುಣನನ್ನು ಕೇಳುತ್ತಾನೆ. ತಪಸ್ಸು ಮಾಡು, ತಿಳಿದುಕೋ ಎನ್ನುತ್ತಾನೆ ತಂದೆ. ಅವನು ತಪಸ್ಸು ಮಾಡಿ ಬಂದು ಅನ್ನವೇ ಬ್ರಹ್ಮ ಎನ್ನುತ್ತಾನೆ. ಮತ್ತೆ ತಪಸ್ಸು ಮಾಡು ಎನ್ನುತ್ತಾನೆ ತಂದೆ. ಪ್ರಾಣ, ಮನಸ್ಸು, ವಿಜ್ಞಾನ ಎಂದು ಒಂದೊಂದೇ ಮೆಟ್ಟಿಲು ಹತ್ತಿ ಐದನೆಯ ಸಲ ಅವನು ಕಂಡುಕೊಂಡದ್ದು ಆನಂದವನ್ನು. ದಾರಿ ತಪಸ್ಸಿನದು, ಸಿಕ್ಕಿದ್ದು ಆನಂದ. ಅಷ್ಟಕ್ಕೇ ಮುಗಿಯುವುದಿಲ್ಲ. ಆನಂದವನ್ನು ಕಂಡ ಮೇಲೆ ಅವನಿಗೆ ಸಿಗುವ ವ್ರತಗಳು ಯಾವುವು ನೋಡಿ: ಅನ್ನವನ್ನು ನಿಂದಿಸಬಾರದು, ಅನ್ನವನ್ನು ಹೆಚ್ಚಿಸಬೇಕು, ಮನೆಗೆ ಬಂದವರನ್ನು ಹಿಂದಕ್ಕೆ ಕಳಿಸಬಾರದು.

ಆದ್ದರಿಂದ ಯಾವುದು ಮೇಲು, ಯಾವುದು ಕೀಳು ಎಂದು ನಾನು ತೂಗುವುದಿಲ್ಲ. ನಿಮ್ಮ ಬದುಕಿನ ಈ ಹೊತ್ತಿಗೆ ಯಾವುದು ಹೊಂದುತ್ತದೆ ಎಂಬುದು ಮಾತ್ರ ಇಲ್ಲಿನ ಪ್ರಶ್ನೆ.

ನಿಯಮದ ದಾರಿ

ನಿಯಮ ಎಂದಾಗ ಎಲ್ಲರಿಗೂ ಒಂದೇ ಚಿತ್ರ ಬರುತ್ತದೆ, ಆದರೆ ಅದಕ್ಕೆ ಬಹಳ ಅಳತೆಗಳಿವೆ. ಜೈನರು ಇದನ್ನು ಬಹಳ ಹಿಂದೆಯೇ ಸ್ಪಷ್ಟವಾಗಿ ಬಿಡಿಸಿಟ್ಟರು. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಎಂಬ ಐದೇ ವ್ರತಗಳು ಮುನಿಗಳಿಗೆ ಮಹಾವ್ರತ, ಮನೆಮಂದಿಗೆ ಅಣುವ್ರತ. ದಿಗಂಬರ ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಅಂಗೈಯನ್ನೇ ಪಾತ್ರೆ ಮಾಡಿಕೊಂಡು ಆಹಾರ ಸ್ವೀಕರಿಸುತ್ತಾರೆ. ತಲೆಗೂದಲನ್ನು ತಾವೇ ಕಿತ್ತುಕೊಳ್ಳುತ್ತಾರೆ. ಅದನ್ನು ಮನೆಯವರು ಮಾಡಬೇಕೆಂದು ಅವರು ಯಾರೂ ಹೇಳಲಿಲ್ಲ. ಮನೆಯವರಿಗೆ ಬ್ರಹ್ಮಚರ್ಯ ಎಂದರೆ ತನ್ನ ಸಂಗಾತಿಯಲ್ಲಿ ತೃಪ್ತಿ, ಅಪರಿಗ್ರಹ ಎಂದರೆ ಆಸ್ತಿಗೆ ತಾನೇ ಹಾಕಿಕೊಂಡ ಮಿತಿ. ದೊಡ್ಡ ನಿಯಮವನ್ನು ಚಿಕ್ಕ ಮನೆಯೊಳಗೆ ತಂದು ಅದು ಹಿಡಿಸದೆ ನರಳುವವರನ್ನು ನೋಡಿದಾಗಲೆಲ್ಲ ನನಗೆ ಈ ವಿಂಗಡಣೆ ನೆನಪಾಗುತ್ತದೆ.

ಅಕ್ಕನ ಮಗಳು ಹೇಳಿದ್ದು ವಿಪಶ್ಯನದ ಶಿಬಿರ. ಸತ್ಯನಾರಾಯಣ ಗೋಯೆಂಕಾ ಅವರ ಪದ್ಧತಿಯಲ್ಲಿ ಅದು ಹತ್ತು ದಿನ. ಬೆಳಗಿನ ಜಾವ 4ಕ್ಕೆ ಗಂಟೆ ಬಾರಿಸುತ್ತಾರೆ. ದಿನಕ್ಕೆ ಸುಮಾರು 10 ಗಂಟೆ ಕೂರಬೇಕು. ಮಾತಿಲ್ಲ, ಓದಿಲ್ಲ, ಬರೆಯುವುದಿಲ್ಲ, ಮೊಬೈಲನ್ನು ಮೊದಲ ದಿನವೇ ಒಪ್ಪಿಸಬೇಕು. ರಾತ್ರಿ ಊಟವಿಲ್ಲ. ಶುಲ್ಕವನ್ನೂ ಕೇಳುವುದಿಲ್ಲ, ಮುಗಿಸಿದವರು ಇಷ್ಟವಿದ್ದರೆ ದಾನ ಕೊಡಬಹುದು. ಹೋಗಿಬಂದ ನನ್ನ ಸಹೋದ್ಯೋಗಿಯೊಬ್ಬರು ಮಂಡಿನೋವಿನ ಬಗ್ಗೆ ಹೇಳಲಿಲ್ಲ. ಮೂರನೆಯ ದಿನ ಇಪ್ಪತ್ತು ವರ್ಷದ ಹಿಂದಿನ ಒಂದು ಜಗಳ ಮಾತುಮಾತಾಗಿ ನೆನಪಾಯಿತು, ಅಷ್ಟು ವರ್ಷ ಅದು ನನ್ನೊಳಗೆ ಕೂತಿತ್ತು ಎಂಬುದೇ ಗೊತ್ತಿರಲಿಲ್ಲ ಎಂದರು. ನಿಯಮ ಕೊಡುವ ಮೊದಲ ಲಾಭ ಇದು. ಸದ್ದು ನಿಂತ ಮೇಲೆ ಒಳಗಿನದು ಕೇಳಿಸುತ್ತದೆ.

ಒಂದೆರಡು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು. ರಕ್ತದ ಸಕ್ಕರೆ ತೀರಾ ಇಳಿದರೆ ಪ್ರಜ್ಞೆ ತಪ್ಪುತ್ತದೆ. ಗರ್ಭಿಣಿಯರಿಗೂ ಇದೇ ಮಾತು. ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರು ದೀರ್ಘ ಮೌನದ ಶಿಬಿರಕ್ಕೆ ಹೆಸರು ಕೊಡುವ ಮೊದಲು ತಮ್ಮ ವೈದ್ಯರಿಗೂ ಶಿಬಿರದವರಿಗೂ ಅದನ್ನು ಮುಚ್ಚಿಡದೆ ತಿಳಿಸಬೇಕು.

ದೇಹದ ಅಪಾಯಕ್ಕಿಂತ ನಾನು ಹೆಚ್ಚು ಹೆದರುವುದು ಇನ್ನೊಂದಕ್ಕೆ. ಅದು ನನಗೇ ಆದದ್ದು.

ಕೆಲವು ವರ್ಷಗಳ ಹಿಂದೆ ಒಂದು ಮಂಡಲ, ಅಂದರೆ 48 ದಿನ, ಕಾಫಿ ಬಿಡುತ್ತೇನೆಂದು ಸಂಕಲ್ಪ ಮಾಡಿದೆ. ಹೊರಗಿನವರಿಗೆ ಇದು ಸಣ್ಣ ವಿಷಯವಾಗಿ ಕಾಣಬಹುದು. ಮೂಡಿಗೆರೆ ಕಡೆ ಹುಟ್ಟಿ, ಡಿಕಾಕ್ಷನ್ ಇಳಿಯುವ ವಾಸನೆಗೆ ಎದ್ದು ಬೆಳೆದವರಿಗೆ ಸಣ್ಣದಲ್ಲ. ಎರಡನೆಯ ದಿನ ತಲೆನೋವು ಶುರುವಾಯಿತು. ಕಾಫಿ ಬಿಟ್ಟವರಿಗೆ ಇದು ಸಹಜ, ಕೆಲವರಿಗೆ ವಾರದವರೆಗೂ ಇರುತ್ತದೆ. ಅದನ್ನು ದಾಟಿದೆ. ಹತ್ತನೆಯ ದಿನಕ್ಕೆ ಮನಸ್ಸು ಹಗುರಾಯಿತು, ಬೆಳಗಿನ ಹೊತ್ತು ಉದ್ದವಾದಂತೆ ಅನಿಸಿತು. ಹತ್ತೊಂಬತ್ತನೆಯ ದಿನ ಅತ್ತೆಯ ಮನೆಗೆ ಹೋಗಿದ್ದೆ. ಅಪ್ಪನ ತಂಗಿ, ಎಪ್ಪತ್ತೆಂಟು ವರ್ಷ, ಕಾಫಿ ತೋಟದ ನಡುವೆ ಮನೆ. ನಾನು ಜಗುಲಿಯಲ್ಲಿ ಕುಳಿತದ್ದೇ ತಡ, ಒಳಗೆ ಹೋಗಿ ಬೆಲ್ಲದ ಕಾಫಿ ಮಾಡಿಕೊಂಡು ಬಂದರು. ಅವರ ಕೈ ನಡುಗುತ್ತದೆ, ಅದಕ್ಕೇ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. "ನಾನು ಕುಡಿಯುವುದಿಲ್ಲ, ವ್ರತ ಇದೆ, ಹೇಳಿರಲಿಲ್ಲವೆ?" ಎಂದೆ. ಹೇಳಿರಲಿಲ್ಲ. ದನಿ ಗಡುಸಾಗಿತ್ತು. ಅತ್ತೆ ಏನೂ ಅನ್ನಲಿಲ್ಲ. ಲೋಟವನ್ನು ಜಗುಲಿಯ ಕಟ್ಟೆಯ ಮೇಲಿಟ್ಟು, ಅದರ ಮೇಲೆ ಒಂದು ಪುಟ್ಟ ತಟ್ಟೆ ಮುಚ್ಚಿ, "ಆರಿದರೂ ಪರವಾಗಿಲ್ಲ, ಇರಲಿ" ಎಂದು ಒಳಗೆ ಹೋದರು. ಅರ್ಧ ಗಂಟೆ ಆ ಮುಚ್ಚಿದ ಲೋಟದ ಎದುರು ಕುಳಿತಿದ್ದೆ. ಹತ್ತೊಂಬತ್ತು ದಿನ ನಾನು ಬಿಟ್ಟದ್ದು ಕಾಫಿಯನ್ನು ಮಾತ್ರ. ಅದರ ಜಾಗದಲ್ಲಿ ಇನ್ನೇನೋ ಕೂತಿತ್ತು, ಅದು ಕಾಫಿಗಿಂತ ಬಿಸಿಯಾಗಿತ್ತು.

ಬಾಹುಬಲಿ ನಿಂತಿರುವ ಬೆಳಗೊಳದ ದೊಡ್ಡಬೆಟ್ಟ ಈ ಮಾತನ್ನು ನನಗಿಂತ ಚೆನ್ನಾಗಿ ಹೇಳುತ್ತದೆ. ಬಾಹುಬಲಿ ಅಣ್ಣ ಭರತನನ್ನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಗೆದ್ದು, ಗೆದ್ದ ಕ್ಷಣದಲ್ಲೇ ಎಲ್ಲವನ್ನೂ ಬಿಟ್ಟು ನಡೆದ. ಒಂದು ವರ್ಷ ಅಲುಗಾಡದೆ ನಿಂತ. ಕಾಲ ಬಳಿ ಹುತ್ತ ಬೆಳೆಯಿತು, ತೋಳಿಗೆ ಬಳ್ಳಿ ಹಬ್ಬಿತು. ಶಿಲ್ಪಿ ಎರಡನ್ನೂ ಕಲ್ಲಿನಲ್ಲಿ ತೋರಿಸಿದ್ದಾನೆ. ಇಷ್ಟಾದರೂ ಕೇವಲಜ್ಞಾನ, ಅಂದರೆ ಪೂರ್ಣಜ್ಞಾನ, ಬರಲಿಲ್ಲ. ನಾನು ನಿಂತಿರುವುದು ಭರತನ ನೆಲದ ಮೇಲೆ ಎಂಬ ಒಂದು ಮುಳ್ಳು ಒಳಗೆ ಉಳಿದಿತ್ತು ಎಂದು ನಮ್ಮ ಕಡೆ ಕಥೆ ಹೇಳುತ್ತಾರೆ. ಭರತ ಬಂದು ಕೈಮುಗಿದಾಗ ಮುಳ್ಳು ಹೋಯಿತು, ಜ್ಞಾನ ಬಂತು. ಅಷ್ಟು ದೊಡ್ಡ ತಪಸ್ಸಿನೊಳಗೂ ಅಷ್ಟು ಸಣ್ಣ ಮುಳ್ಳು ಅಡಗಿ ಕೂರಬಲ್ಲದು.

ಅಲ್ಲೇ ಗುಳ್ಳಕಾಯಜ್ಜಿಯೂ ಇದ್ದಾಳೆ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ ಅದು ಮೂರ್ತಿಯ ಕಾಲಿನವರೆಗೆ ಇಳಿಯಲಿಲ್ಲವಂತೆ. ಮುದುಕಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಹಾಲು ಪಾದದವರೆಗೆ ಹರಿದು ಬೆಟ್ಟವನ್ನೇ ತೋಯಿಸಿತಂತೆ. 12 ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ ನಡೆದಾಗ, ಕಳೆದ ಸಲ 2018ರಲ್ಲಿ, ಎಲ್ಲರ ಕಣ್ಣೂ ಮೇಲೆ ಮಸ್ತಕದ ಕಡೆ ಇರುತ್ತದೆ. ಗೊಮ್ಮಟನನ್ನು ನೋಡಿ ತಿರುಗಿದಾಗ ಅಜ್ಜಿಯ ಮೂರ್ತಿಯ ಮುಂದೆಯೂ ಒಂದು ಗಳಿಗೆ ನಿಲ್ಲಿ.

ಸುಖದ ದಾರಿ

ಸುಖದ ದಾರಿ ಎಂದಾಗ ಚಿಕ್ಕಮಗಳೂರಿನಲ್ಲಿ ಮೊದಲು ಕಿವಿಗೆ ಬೀಳುವುದು ರೆಸಾರ್ಟು, ಹೋಮ್‌ಸ್ಟೇ, ಶನಿವಾರ ಬಂದು ಭಾನುವಾರ ಹೋಗುವ ಕಾರುಗಳ ಸಾಲು. ಅದು ದಣಿವಾರಿಸಿಕೊಳ್ಳುವ ಕ್ರಮ, ಅದರಲ್ಲಿ ತಪ್ಪಿಲ್ಲ. ನಾನು ಹೇಳುವ ಸುಖ ಬೇರೆ ಬಗೆಯದು, ಅದು ಕೊಂಡರೆ ಸಿಗುವುದಿಲ್ಲ.

ಮಾರ್ಚ್ ಏಪ್ರಿಲ್‌ನಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ಅದನ್ನು ತೋಟದವರು ಹೂಮಳೆ ಎನ್ನುತ್ತಾರೆ. ಅರೇಬಿಕಾ ಗಿಡದ ಮೊಗ್ಗು ಆ ಮಳೆಗೇ ಕಾಯುತ್ತಿರುತ್ತದೆ. ಮಳೆ ಬಿದ್ದ ಒಂಬತ್ತು ಹತ್ತು ದಿನಕ್ಕೆ ಇಡೀ ತೋಟ ಒಂದೇ ಸಲ ಅರಳುತ್ತದೆ, ಮೂರು ನಾಲ್ಕು ದಿನದಲ್ಲಿ ಬಾಡುತ್ತದೆ. ಒಂದು ವರ್ಷ ಅತ್ತೆಯ ತೋಟದಲ್ಲಿ ನಾನು ಆ ಹೊತ್ತಿಗೆ ಇದ್ದೆ. ಬೆಳಗಿನ ಜಾವ, ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಕೊಂಬೆಯ ಗೆಣ್ಣುಗೆಣ್ಣಿಗೂ ಬಿಳಿಯ ಗೊಂಚಲು, ಎಲೆಯೇ ಕಾಣದಷ್ಟು. ಮಲ್ಲಿಗೆಗೆ ಹತ್ತಿರದ, ಆದರೆ ಮಲ್ಲಿಗೆಯದಲ್ಲದ ವಾಸನೆ. ಬಿಸಿಲು ಬೀಳುತ್ತಿದ್ದಂತೆ ಜೇನುಹುಳುಗಳು ಬಂದವು. ಮೊದಲು ಒಂದೆರಡು, ಆಮೇಲೆ ಗಾಳಿಯೇ ಗುಂಯ್‌ಗುಡುತ್ತಿದೆ ಅನ್ನುವಷ್ಟು. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ನನಗೆ ಏನೂ ಬೇಕಾಗಿರಲಿಲ್ಲ, ನಾನೂ ಯಾರಿಗೂ ಬೇಕಾಗಿರಲಿಲ್ಲ. ಪಕ್ಕದಲ್ಲಿ ತೋಟದ ರೈಟರ್ ನಿಂತಿದ್ದರು. ಅವರಿಗೆ ಅದೇ ಹೂವು ಮುಂದಿನ ಫಸಲಿನ ಲೆಕ್ಕ. ಇನ್ನೊಂದು ಮಳೆ ಬರದಿದ್ದರೆ ಕಾಯಿ ಕಟ್ಟುವುದಿಲ್ಲವಲ್ಲ ಎಂಬ ಚಿಂತೆ ಅವರ ಮುಖದಲ್ಲಿತ್ತು. ಅವರ ಮೇಲೆ ಬದುಕಿನ ಭಾರವಿತ್ತು, ಅದನ್ನು ತಪ್ಪು ಎನ್ನಲಾರೆ. ಹೂವು ಒಂದೇ, ಗಿಡ ಒಂದೇ. ಸುಖ ಅರಳುವುದಕ್ಕೆ ಒಳಗೆ ಒಂದಿಷ್ಟು ಬಿಡುವು ಬೇಕು ಎಂದು ನನಗೆ ಆ ದಿನ ಅರ್ಥವಾಯಿತು.

ನಮ್ಮ ಅಲಂಕಾರಶಾಸ್ತ್ರದವರು ರಸಾನುಭವವನ್ನು ಬ್ರಹ್ಮಾನಂದದ ಸಹೋದರ ಎಂದು ಕರೆದದ್ದು ಇಂಥ ಗಳಿಗೆಗಳನ್ನು ನೋಡಿಯೇ ಇರಬೇಕು. ನಾಟಕವನ್ನೋ ಸಂಗೀತವನ್ನೋ ಸವಿಯುವಾಗ ನನ್ನದು, ನಿನ್ನದು ಎಂಬ ಲೆಕ್ಕ ಸ್ವಲ್ಪ ಹೊತ್ತು ನಿಲ್ಲುತ್ತದೆ. ಅಭಿನವಗುಪ್ತ ಅದನ್ನು ಬಹಳ ಸೂಕ್ಷ್ಮವಾಗಿ ವಿವರಿಸಿದ. ಬೇಲೂರಿನ ಗುಡಿಯ ಹೊರಗೆ ಕತ್ತೆತ್ತಿ ನಿಂತವರಿಗೆ ವಿವರಣೆ ಬೇಕಾಗುವುದಿಲ್ಲ. ಗಿಳಿಯೊಡನೆ ಮಾತನಾಡುವವಳು, ಕುಣಿಯುವವಳು, ಕನ್ನಡಿ ಹಿಡಿದವಳು. ಅವರಲ್ಲಿ ಕೆಲವರ ಕೆಳಗೆ ಕಡೆದವರ ಹೆಸರೂ ಇದೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಒಂದು ಕಾಲ್ಗೆಜ್ಜೆಯ ಮಣಿಯನ್ನು ಬಿಡಿಸಲು ಎಷ್ಟು ದಿನದ ಉಳಿಪೆಟ್ಟು ಬೇಕಾಯಿತೋ. ನೋಡುವವನ ಸುಖದ ಹಿಂದೆ ಮಾಡಿದವನ ನಿಯಮ ಇದೆ.

ಸುಖದ ದಾರಿಯ ತೊಡಕು ಎಲ್ಲರಿಗೂ ಗೊತ್ತಿರುವುದೇ. ಮೊದಲ ಹೋಳಿಗೆಯ ರುಚಿ ನಾಲ್ಕನೆಯದಕ್ಕೆ ಇರುವುದಿಲ್ಲ. ಆಗ ಐದನೆಯದನ್ನು ಹುಡುಕುತ್ತೇವೆ, ಅಥವಾ ಬೇರೆ ಊರಿನ ಹೋಳಿಗೆಯನ್ನು. ಈ ತೊಡಕನ್ನು ಚೆನ್ನಾಗಿ ಕಂಡವನು ಸುಖವೇ ಪರಮ ಎಂದ ಗ್ರೀಸಿನ ಎಪಿಕ್ಯೂರಸ್. ಅವನ ಹೆಸರು ಹೇಳಿಕೊಂಡು ಜನ ಔತಣ ಮಾಡುತ್ತಾರೆ. ಅವನು ಮಾತ್ರ ರೊಟ್ಟಿ, ನೀರು ಎಂದು ಬದುಕಿದ. ನೋವಿಲ್ಲದ ದೇಹ, ಕಳವಳವಿಲ್ಲದ ಮನಸ್ಸು, ಗೆಳೆಯರ ಮಾತು, ಇವೇ ಸುಖ ಎಂದ. ಹಬ್ಬ ಮಾಡಬೇಕೆನಿಸಿದಾಗ ಗೆಳೆಯನಿಗೆ ಒಂದು ಕುಡಿಕೆ ಚೀಸ್ ಕಳಿಸು ಎಂದು ಬರೆದವನು ಅವನು. ಅಷ್ಟರಲ್ಲಿ ಹಬ್ಬ ಕಾಣುವ ನಾಲಿಗೆ ಇರಬೇಕಾದರೆ ಉಳಿದ ದಿನಗಳು ಹೇಗಿದ್ದಿರಬೇಕು!

ಕಿಗ್ಗದ ಕಥೆ

ಶೃಂಗೇರಿಗೆ ಹೋದವರು ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ, ವಿದ್ಯಾಶಂಕರ ಗುಡಿಯ ಹನ್ನೆರಡು ರಾಶಿಕಂಬಗಳನ್ನು ಸುತ್ತಿ, ಶಾರದೆಗೆ ಕೈಮುಗಿದು, ಪ್ರಸಾದದ ಊಟ ಮಾಡಿ ಮರಳುತ್ತಾರೆ. ಹತ್ತು ಕಿಲೋಮೀಟರಿನಷ್ಟು ಆಚೆಗೆ ಕಿಗ್ಗ ಇದೆ. ಮಳೆ ಬರಲಿ ಎಂದೂ, ಅತಿಯಾದಾಗ ನಿಲ್ಲಲಿ ಎಂದೂ ಮಲೆನಾಡಿನವರು ಮೊರೆ ಹೋಗುವ ಋಷ್ಯಶೃಂಗೇಶ್ವರ ಅಲ್ಲಿದ್ದಾನೆ.

ಋಷ್ಯಶೃಂಗನನ್ನು ತಂದೆ ವಿಭಾಂಡಕ ಕಾಡಿನಲ್ಲೇ ಬೆಳೆಸಿದ. ಹೆಣ್ಣು ಎಂಬುದೊಂದು ಇದೆ ಎಂದೇ ಮಗನಿಗೆ ತಿಳಿಯದಂತೆ ಕಾಪಾಡಿದ. ಅಂಗದೇಶದಲ್ಲಿ ಮಳೆ ನಿಂತಿತು. ಈ ಹುಡುಗ ಕಾಲಿಟ್ಟರೆ ಮಳೆ ಬರುತ್ತದೆಂದು ತಿಳಿದು ರೋಮಪಾದ ರಾಜ ಗಣಿಕೆಯರನ್ನು ಕಳಿಸಿದ. ಅವರು ಭಕ್ಷ್ಯಗಳನ್ನು ತಂದರು, ಹಾಡಿದರು, ಅಪ್ಪಿಕೊಂಡರು. ಹುಡುಗ ಅವರನ್ನು ಬೇರೊಂದು ಆಶ್ರಮದ ಋಷಿಗಳೆಂದೇ ತಿಳಿದ. ಅವರ ಹಿಂದೆ ಹೊರಟೇಬಿಟ್ಟ. ಅವನು ಅಂಗದೇಶಕ್ಕೆ ಕಾಲಿಟ್ಟೊಡನೆ ಮಳೆ ಸುರಿಯಿತು.

ಚಿಕ್ಕವಳಿದ್ದಾಗ ಈ ಕಥೆ ಕೇಳಿದರೆ ತಪಸ್ಸು ಕೆಟ್ಟಿತು ಅನಿಸುತ್ತಿತ್ತು. ಈಗ ಹಾಗೆ ಅನಿಸುವುದಿಲ್ಲ. ರುಚಿಯನ್ನೇ ನೋಡದವನ ಸಂಯಮಕ್ಕೆ ಪರೀಕ್ಷೆಯೇ ಆಗಿರಲಿಲ್ಲ. ಅದು ಬೇಲಿ, ಅದನ್ನು ಕಟ್ಟಿದವನು ತಂದೆ. ಇನ್ನೊಂದು ಕಡೆ, ಅಷ್ಟು ವರ್ಷ ಕೂಡಿಟ್ಟ ಆ ಶುದ್ಧಿ ಇರದಿದ್ದರೆ ಅವನ ಹೆಜ್ಜೆಗೆ ಮಳೆಯೂ ಬರುತ್ತಿರಲಿಲ್ಲ. ಅವನು ರೋಮಪಾದನ ಮಗಳು ಶಾಂತೆಯನ್ನು ಮದುವೆಯಾದ. ದಶರಥನಿಗೆ ಮಕ್ಕಳಾಗಲೆಂದು ಯಾಗ ಮಾಡಿಸಿದವನು ಇದೇ ಗೃಹಸ್ಥ ಋಷ್ಯಶೃಂಗ.

ಹಾಗಾದರೆ ಯಾರು ಏನು ಆರಿಸಿಕೊಳ್ಳಬೇಕು

ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ನಿಮ್ಮ ದಿನದಲ್ಲಿ ಈಗಾಗಲೇ ಯಾವುದು ತುಂಬಿದೆಯೋ ಅದನ್ನೇ ಮತ್ತೆ ಸುರಿದುಕೊಳ್ಳಬೇಡಿ.

ಕೈಬೆರಳಿನ ತುದಿಯಲ್ಲಿ ಊಟ ತರಿಸಿಕೊಳ್ಳುವವರು, ರಾತ್ರಿ ಹನ್ನೆರಡರವರೆಗೆ ಮೊಬೈಲ್ ನೋಡುವವರು, ಬೇಸರವಾದ ಕೂಡಲೇ ಊರು ಸುತ್ತಲು ಹೊರಡುವ ಅನುಕೂಲ ಇರುವವರು ನಿಯಮದ ಬಸ್ಸು ಹತ್ತಲಿ. ಅವರ ಬರಿದು ಹಸಿವಿಲ್ಲದ್ದರಿಂದ ಬಂದದ್ದು. ವಾರಕ್ಕೊಂದು ಹೊತ್ತು ಊಟ ಬಿಡುವುದು, ದಿನಕ್ಕೆ ಅರ್ಧ ಗಂಟೆ ಮೊಬೈಲ್ ಇಲ್ಲದೆ ಸುಮ್ಮನೆ ಕೂರುವುದು, ಇಷ್ಟರಿಂದ ಶುರುಮಾಡಿದರೆ ಸಾಕು. ಹತ್ತು ದಿನದ ಶಿಬಿರ ಆಮೇಲಿನ ಮಾತು.

ನವೆಂಬರಿನಿಂದ ಫೆಬ್ರವರಿಯವರೆಗೆ ಕಾಫಿ ಕೊಯ್ಲಿಗೆ ಹೋಗುವ ಹೆಂಗಸರನ್ನು ನಾನು ನೋಡಿದ್ದೇನೆ. ಐದಕ್ಕೆ ಎದ್ದು, ಅಡುಗೆ ಮಾಡಿ, ಮಕ್ಕಳನ್ನು ಶಾಲೆಗೆ ಹೊರಡಿಸಿ, ಚಳಿಯಲ್ಲಿ ಒದ್ದೆ ಗಿಡಗಳ ನಡುವೆ ದಿನವಿಡೀ ನಿಂತು, ಸಂಜೆ ಹಣ್ಣಿನ ಚೀಲವನ್ನು ತೂಕಕ್ಕೆ ಹಾಕಿ ಮನೆಗೆ ಹೋಗುತ್ತಾರೆ. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುತ್ತಾರೆ. ಅವರ ಬದುಕಿನಲ್ಲಿ ಸಂಯಮಕ್ಕೆ ಏನು ಕೊರತೆ? ಇಂಥವರಿಗೆ ಸೋಮವಾರ ಉಪವಾಸ ಮಾಡು, ಶುಕ್ರವಾರ ಉಪವಾಸ ಮಾಡು ಎಂದು ಹೇಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವರಿಗೆ ಬೇಕಾದದ್ದು ಯಾರೋ ಬಿಸಿಯಾಗಿ ಬಡಿಸಿದ ಊಟ, ಕಾಲು ಚಾಚಿ ಕೇಳುವ ಒಂದು ಭಜನೆ, ಯಾರೂ ಕರೆಯದ ಒಂದು ಮಧ್ಯಾಹ್ನ. ಹೊರನಾಡಿನ ಅನ್ನಪೂರ್ಣೆಯ ಗುಡಿಯಲ್ಲಿ ಬಂದವರಿಗೆಲ್ಲ ಸಾಲಾಗಿ ಕೂರಿಸಿ ಉಣಬಡಿಸುತ್ತಾರೆ. ತನ್ನ ಎಲೆಗೆ ಇನ್ನೊಬ್ಬರು ಅನ್ನ ಹಾಕುವುದನ್ನು ಕಣ್ಣು ತುಂಬಿಕೊಂಡು ನೋಡುವ ಹೆಂಗಸರನ್ನು ನಾನು ಅಲ್ಲಿ ಕಂಡಿದ್ದೇನೆ. ಅದಕ್ಕಿಂತ ದೊಡ್ಡ ಧ್ಯಾನ ಅವರಿಗೆ ಯಾವುದಿದೆ?

ಆಸ್ಪತ್ರೆಯ ದಾದಿಯರು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು, ಸಾಲದ ಕಂತಿಗಾಗಿ ಎರಡು ಕಡೆ ದುಡಿಯುವವರು ಎಲ್ಲರಿಗೂ ಇದೇ ಮಾತು. ದುಃಖ ಹೊಸದಾಗಿ ಬಿದ್ದವರ ವಿಷಯ ಮಾತ್ರ ಬೇರೆ. ಅವರು ಸದ್ಯಕ್ಕೆ ಯಾವ ದಾರಿಯನ್ನೂ ಆರಿಸುವ ಅಗತ್ಯವಿಲ್ಲ. ಹೊತ್ತಿಗೆ ಉಣ್ಣಲಿ, ಮಲಗಲಿ.

ಹಿಡಿದ ದಾರಿ ಸರಿಯೇ ಎಂದು ತಿಳಿಯಲು ನಾನು ಬಳಸುವ ಪರೀಕ್ಷೆ ಒಂದಿದೆ. ಅದನ್ನು ಕಲಿಸಿದ್ದು ತಟ್ಟೆ ಮುಚ್ಚಿದ ಆ ಲೋಟ. ನಿಯಮ ತಪ್ಪಿದ ದಿನ ಸಿಟ್ಟು ಬರುತ್ತದೆಯೇ ನೋಡಿಕೊಳ್ಳಿ. ನಿಮ್ಮ ಮೇಲೆ ಬಂದರೆ ಸ್ವಲ್ಪ ತಡೆಯಿರಿ, ಅದು ಕರಗಬಹುದು. ಎದುರಿನವರ ಮೇಲೆ ಬಂದರೆ ಆ ನಿಯಮವನ್ನು ಇಳಿಸಿ, ಅರ್ಧ ಮಾಡಿ. ಸುಖದ ಕಡೆಗೂ ಇದೇ ಅಳತೆ. ಹಾಡು ನಿಂತಾಗ, ಊಟ ಮುಗಿದಾಗ, ಊರಿಗೆ ಮರಳುವ ಬಸ್ಸು ಹತ್ತಿದಾಗ ಕೈ ತಾನಾಗಿ ಮುಂದಿನದಕ್ಕೆ ಚಾಚುತ್ತಿದೆಯೇ? ಹಾಗಿದ್ದರೆ ಅದು ಹೊಟ್ಟೆಗೆ ಇಳಿದಿಲ್ಲ. ಸುಮ್ಮನೆ ಕೂತು ಅದನ್ನೇ ಮತ್ತೊಮ್ಮೆ ನೆನೆಯಲು ಆಗುತ್ತಿದೆಯೇ? ಹಾಗಿದ್ದರೆ ಇಳಿದಿದೆ.

ಎರಡೂ ಒಂದೇ ಮನೆಯಲ್ಲಿ

ಎರಡನ್ನೂ ಬೆಸೆಯಬಹುದೇ ಎಂದು ಕೇಳುವವರಿಗೆ ನಮ್ಮ ಪಂಚಾಂಗವೇ ಉತ್ತರ ಕೊಟ್ಟಿದೆ. ಏಕಾದಶಿ ಉಪವಾಸ, ಮರುದಿನ ದ್ವಾದಶಿಯ ಬೆಳಗ್ಗೆ ಪಾರಣೆ. ಪಾರಣೆ ತಪ್ಪಿಸಿದರೆ ವ್ರತ ಪೂರ್ತಿಯಾಗುವುದಿಲ್ಲ. ಉಣ್ಣುವುದೂ ವ್ರತದ ಅಂಗ. ನಮ್ಮ ಬೀದಿಯ ಮುಸ್ಲಿಂ ಮನೆಗಳಲ್ಲಿ ರಂಜಾನಿನ ಇಡೀ ತಿಂಗಳು ಹಗಲು ನೀರೂ ಇಲ್ಲ. ಸಂಜೆ ಖರ್ಜೂರ ಬಾಯಿಗಿಟ್ಟಾಗ ಆ ಮಕ್ಕಳ ಮುಖ ನೋಡಬೇಕು. ಭಗವದ್ಗೀತೆಯ ಆರನೆಯ ಅಧ್ಯಾಯವೂ ಅತಿಯಾಗಿ ಉಣ್ಣುವವನಿಗೆ ಯೋಗವಿಲ್ಲ, ಏನೂ ಉಣ್ಣದವನಿಗೂ ಇಲ್ಲ ಎನ್ನುತ್ತದೆ. ನಮ್ಮ ಕಾಫಿಯ ಹಿಂದೆಯೂ ಇಂಥದೇ ಕಥೆ ಇದೆ. ಯೆಮೆನ್‌ನ ಸೂಫಿಗಳು ರಾತ್ರಿಯ ಪ್ರಾರ್ಥನೆಯಲ್ಲಿ ನಿದ್ದೆ ಬಾರದಿರಲೆಂದು ಕುಡಿದ ಕಷಾಯ ಅದು. ಆ ನಾಡಿನಿಂದ ಏಳು ಬೀಜ ತಂದು ಇಲ್ಲಿನ ಗಿರಿಯಲ್ಲಿ ಬಿತ್ತಿದವರು ಬಾಬಾಬುಡನ್ ಎಂದು ನಮ್ಮವರು ಹೇಳುತ್ತಾರೆ.

ಒಂದೇ ಜೀವದಲ್ಲಿ ಎರಡನ್ನೂ ಕಾಣಬೇಕೆಂದರೆ ವಿಷ್ಣುವರ್ಧನನ ರಾಣಿ ಶಾಂತಲೆಯನ್ನು ನೋಡಿ. ಹಾಡು, ವಾದ್ಯ, ನೃತ್ಯಗಳಲ್ಲಿ ಆಕೆ ಎಂಥ ನಿಪುಣೆ ಎಂದು ಶಾಸನಗಳು ಹೊಗಳುತ್ತವೆ. ಗಂಡ ಕಟ್ಟಿಸಿದ್ದು ಬೇಲೂರಿನ ವಿಷ್ಣುವಿನ ಗುಡಿ. ಆಕೆ ಜೈನಳಾಗಿಯೇ ಉಳಿದು ಬೆಳಗೊಳದ ಚಿಕ್ಕಬೆಟ್ಟದ ಮೇಲೆ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಆ ಸುದ್ದಿ ಕೇಳಿ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸಲ್ಲೇಖನ, ಅಂದರೆ ಆಹಾರ ಬಿಟ್ಟು ದೇಹ ತೊರೆಯುವ ವ್ರತ, ಹಿಡಿದಳು. ನಾನು ಹಾಸನದಲ್ಲಿ ನಿಂತು ಎರಡು ಬಸ್ಸು ಎಂದು ಬರೆದೆ. ಆಕೆಗೆ ಇದು ಒಂದೇ ದಾರಿಯ ಎರಡು ತುದಿಯಾಗಿತ್ತೋ ಏನೋ.

ನೀವೂ ಆರಿಸುವ ಮೊದಲು ಎರಡೂ ಕಡೆ ಒಂದೊಂದು ದಿನ ಕೊಟ್ಟು ನೋಡಬಹುದು. ಬೆಳಗೊಳಕ್ಕೆ ಹೋಗುವುದಾದರೆ ಬಿಸಿಲೇರುವ ಮುಂಚೆ ಹತ್ತಿ. ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಚಪ್ಪಲಿ ಕೆಳಗೇ ಬಿಡಬೇಕು, ಹನ್ನೊಂದರ ಮೇಲೆ ಬಂಡೆ ಕಾದಿರುತ್ತದೆ, ಕಾಲುಚೀಲ ಇಟ್ಟುಕೊಂಡರೆ ಒಳ್ಳೆಯದು. ಬೇಲೂರಿಗೆ ಹೋಗುವುದಾದರೆ ಹಳೇಬೀಡನ್ನು ಅದೇ ದಿನಕ್ಕೆ ತುರುಕಬೇಡಿ. ಒಬ್ಬ ಮದನಿಕೆಯ ಮುಂದೆ ಹದಿನೈದು ನಿಮಿಷ ನಿಲ್ಲಿ.

ಅಕ್ಕನ ಮಗಳಿಗೆ ಬ್ಯಾಂಕಿನ ಕೆಲಸ, ಮನೆಯಲ್ಲಿ ಎರಡು ಮಕ್ಕಳು, ಪಾರ್ಶ್ವವಾಯು ಬಡಿದ ಮಾವ. ಬೆಳಗ್ಗೆ ನಾಲ್ಕೂವರೆಗೆ ಏಳುವುದಕ್ಕೆ ಅವಳಿಗೆ ಶಿಬಿರದ ಗಂಟೆ ಬೇಕಾಗಿಲ್ಲ. ಈ ವರ್ಷ ಶಿಬಿರ ಬೇಡ, ಹತ್ತು ದಿನವನ್ನು ಒಂದೇ ಸಲ ಖರ್ಚು ಮಾಡುವುದೂ ಬೇಡ ಎಂದು ಕೊನೆಗೆ ಅವಳಿಗೆ ಫೋನ್ ಮಾಡಿ ಹೇಳಿದೆ. ಹೂಮಳೆ ಬಿದ್ದ ದಿನ ತಿಳಿಸುತ್ತೇನೆ, ಅಲ್ಲಿಂದ ಒಂಬತ್ತನೆಯ ದಿನಕ್ಕೆ ಎರಡು ದಿನ ರಜೆ ಹಾಕಿ ಒಬ್ಬಳೇ ನನ್ನ ಅತ್ತೆಯ ಮನೆಗೆ ಬಾ, ಮಾವನನ್ನು ನೋಡಿಕೊಳ್ಳಲು ಆ ಎರಡು ದಿನ ನಿನ್ನ ಗಂಡ ಇರುತ್ತಾರೆ ಎಂದೆ. ಒಂದೇ ಒಂದು ನಿಯಮ, ಮೊಬೈಲನ್ನು ಗೇಟಿನ ಬಳಿಯೇ ನನಗೆ ಕೊಡಬೇಕು. ಅತ್ತೆ ಕಾಫಿ ತಂದಾಗ ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು ಎಂದೂ ಹೇಳಿದ್ದೇನೆ. ಅದನ್ನು ನಿಯಮದ ಲೆಕ್ಕಕ್ಕೆ ಸೇರಿಸುತ್ತಾಳೋ, ಸುಖದ ಲೆಕ್ಕಕ್ಕೋ, ಅವಳಿಗೆ ಬಿಟ್ಟದ್ದು.